ತಲೆಗೆ ಪೆಟ್ಟು ಬಿದ್ದ ಮೇಲೆ ನಮ್ಮ ಮನೆಯವರು ಬೇರೆಯೇ ಆಗಿದ್ದಾರೆ, ಅನುಭವ ಇದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ನಮ್ಮ ಮನೆಯವರು ಹದಿನೈದು ವರ್ಷದಿಂದ ಫೈರ್ ಸರ್ವಿಸ್‌ನಲ್ಲಿ ಇದ್ದಾರೆ. 2019ರ ಮಾರ್ಚ್‌ನಲ್ಲಿ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದು 19 ಜನ ಹೋದರಲ್ಲ, ಆಗ ಇವರು ದಿನಗಟ್ಟಲೆ ಆ ಕಲ್ಲುಮಣ್ಣಿನ ಮೇಲೆಯೇ ಇದ್ದರು. ಮನೆಗೆ ಬಂದ ಮೇಲೆ ಒಂದಿಷ್ಟು ದಿನ ಮಾತಿಲ್ಲ, ನಿದ್ದೆ ಇಲ್ಲ. ಆಮೇಲೆ ಸರಿಹೋದರು ಅಂದುಕೊಂಡೆ.

ಹೋದ ವರ್ಷ ಒಂದು ಗೋದಾಮಿನ ಬೆಂಕಿ ಆರಿಸುವಾಗ ಮೇಲಿನಿಂದ ಕಬ್ಬಿಣದ ತೊಲೆ ಬಿದ್ದು ಹೆಲ್ಮೆಟ್ ಸೀಳಿತು. ಕೆಲವು ನಿಮಿಷ ಪ್ರಜ್ಞೆ ಇರಲಿಲ್ಲವಂತೆ. ಸಿಟಿ ಸ್ಕ್ಯಾನ್ ನಾರ್ಮಲ್ ಬಂತು. ವಾರ ರಜೆ ಹಾಕಿ ಮತ್ತೆ ಡ್ಯೂಟಿಗೆ ಹೋದರು. ಅವತ್ತಿನಿಂದ ತಲೆನೋವು, ಮರೆವು. ಟ್ಯೂಬ್‌ಲೈಟ್ ಹಾಕಿದರೆ ಸಿಟ್ಟು. ಮಗ ಪಾತ್ರೆ ಬೀಳಿಸಿದರೆ ಕೈ ಎತ್ತುತ್ತಾರೆ, ಆಮೇಲೆ ತಾವೇ ಅಳುತ್ತಾರೆ. ರಾತ್ರಿ ಕೂಗಿಕೊಂಡು ಏಳುತ್ತಾರೆ. ಮಾರ್ಕೆಟ್‌ಗೆ ಹೋಗಬೇಕಾದರೂ ಕುಮಾರೇಶ್ವರ ನಗರದ ಕಡೆ ಹಾಯುವುದಿಲ್ಲ, ಸುತ್ತು ಹಾಕಿಕೊಂಡು ಹೋಗುತ್ತಾರೆ. ಕುಡಿಯುವುದು ಜಾಸ್ತಿಯಾಗಿದೆ. ಒಬ್ಬ ಡಾಕ್ಟರು ಇದು ಪೆಟ್ಟಿನದು ಅಂದರು, ಇನ್ನೊಬ್ಬರು ಟೆನ್ಷನ್ ಅಂತ ನಿದ್ದೆ ಮಾತ್ರೆ ಕೊಟ್ಟರು. ಇಲ್ಲಿಯ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗೋಣ ಅಂದರೆ "ನನಗೇನು ಹುಚ್ಚು ಹಿಡಿದೈತೇನು?" ಅಂತಾರೆ. ನೌಕರಿ ಹೋಗುತ್ತದೆ ಅನ್ನುವ ಭಯವೂ ಇದೆ. ಮಾತಿನ ಚಿಕಿತ್ಸೆ ಅಂತ ಇದೆಯಂತೆ. ಆದರೆ ಬೆಳಿಗ್ಗೆ ಹೇಳಿದ್ದು ಸಂಜೆಗೆ ಮರೆಯುವವರಿಗೆ ಮಾತಿನಿಂದ ಏನಾದೀತು? ದಯವಿಟ್ಟು ತಿಳಿದವರು ಹೇಳಿ.

ಹುಬ್ಬಳ್ಳಿಯಿಂದ, 108ರಲ್ಲಿ ಕೆಲಸ ಮಾಡಿದವನು

ತಂಗೀ, ಇದನ್ನು ಓದಿ ನನ್ನ ಹೆಂಡತಿಯೇ ಬರೆದಳೇನೋ ಅನ್ನಿಸಿತು. ನಾನು 108 ಆಂಬುಲೆನ್ಸ್‌ನಲ್ಲಿ ಹನ್ನೊಂದು ವರ್ಷ ಇಎಂಟಿ, ಅಂದರೆ ದಾರಿಯಲ್ಲಿ ತುರ್ತು ಚಿಕಿತ್ಸೆ ಕೊಡುವವನು, ಆಗಿದ್ದೆ. ಗಬ್ಬೂರಿನಿಂದ ನರೇಂದ್ರದ ತನಕ ಬೈಪಾಸ್‌ನಲ್ಲಿ ಯಾವ ಜಾಗದಲ್ಲಿ ಯಾರನ್ನು ಎತ್ತಿದೆ ಅಂತ ಇವತ್ತಿಗೂ ಹೇಳಬಲ್ಲೆ. ಅದೇ ನನ್ನ ಕಷ್ಟವಾಗಿತ್ತು.

ಒಂದು ರಾತ್ರಿ ಬೈಕ್ ಅಪಘಾತದ ಹುಡುಗನನ್ನು ಕರೆತರುವಾಗ ನಮ್ಮ ಗಾಡಿಗೇ ಲಾರಿ ಗುದ್ದಿತು. ನಾನು ಹಿಂದೆ ಅವನ ಪಕ್ಕ ನಿಂತಿದ್ದೆ. ತಲೆ ಹೋಗಿ ಕಬ್ಬಿಣದ ಕಂಬಿಗೆ ಬಡಿಯಿತು. ಗಾಡಿ ಓಡಿಸುವ ಪೈಲಟ್‌ಗೆ ಏನೂ ಆಗಲಿಲ್ಲ. ಬೇರೆ ಗಾಡಿ ಬರುವ ಹೊತ್ತಿಗೆ ಹುಡುಗ ಹೋಗಿಬಿಟ್ಟಿದ್ದ. ನನ್ನ ಸ್ಕ್ಯಾನ್ ಕೂಡ ನಾರ್ಮಲ್. "ಏನೂ ಆಗಿಲ್ಲ, ಹೋಗ್ರಿ" ಅಂದರು. ಆರು ತಿಂಗಳು ನಾನೂ ಹಾಗೇ ನಂಬಿದೆ. ಅಷ್ಟರಲ್ಲಿ ಮನೆಯಲ್ಲಿ ಯಾರೂ ನನ್ನ ಹತ್ತಿರ ಕೂರುತ್ತಿರಲಿಲ್ಲ.

ನನಗೆ ದಾರಿ ತೋರಿದ್ದು ಒಬ್ಬ ಮನಶ್ಶಾಸ್ತ್ರಜ್ಞೆ. ಅವರು ಮೊದಲು ಎರಡು ದಿನ ಬರೀ ಪರೀಕ್ಷೆ ಮಾಡಿದರು. ಅಂಕಿ ಹೇಳಿ ಹಿಂದುಮುಂದಾಗಿ ಹೇಳಿಸುವುದು, ಕತೆ ಓದಿ ಅರ್ಧ ಗಂಟೆ ಬಿಟ್ಟು ಕೇಳುವುದು, ಚಿತ್ರ ಜೋಡಿಸುವುದು, ಇಂಥವು. ಆಗ ಗೊತ್ತಾಯಿತು, ನನ್ನ ನೆನಪು ಪೂರ್ತಿ ಕೆಟ್ಟಿರಲಿಲ್ಲ. ಎರಡು ಕೆಲಸ ಒಟ್ಟಿಗೆ ಬಂದರೆ ಮಾತ್ರ ತಲೆ ನಿಲ್ಲುತ್ತಿತ್ತು. ಕೇಳುವಾಗಲೇ ಗಮನ ಜಾರಿದರೆ ಆಮೇಲೆ ನೆನಪಿರುವುದಾದರೂ ಹೇಗೆ? ಬಿಸಿಲು ಕಣ್ಣಿಗೆ ಚುಚ್ಚುವುದು, ತಟ್ಟನೆ ಎದ್ದರೆ ತಲೆ ಸುತ್ತುವುದು ಪೆಟ್ಟಿನ ಲೆಕ್ಕಕ್ಕೆ ಹೋಯಿತು. ಡೀಸೆಲ್ ವಾಸನೆ ಬಂದರೆ ಎದೆ ಹೊಡೆದುಕೊಳ್ಳುವುದು, ಆ ಹುಡುಗ ಕನಸಿಗೆ ಬರುವುದು ಹೆದರಿಕೆಯ ಲೆಕ್ಕಕ್ಕೆ. ಸಿಟ್ಟು, ನಿದ್ದೆಗೇಡು, ಮರೆವು ಇವು ಎರಡರಿಂದಲೂ ಬಂದವು. "ಇದು ಪೆಟ್ಟಾ, ಟೆನ್ಷನ್ನಾ ಅಂತ ಒಂದನ್ನೇ ಆರಿಸಬೇಕಾಗಿಲ್ಲ, ಎರಡೂ ಇವೆ" ಅಂದರು ಆ ಮೇಡಂ. ಆ ಮಾತಿಗೆ ನಾನು ಅಲ್ಲೇ ಅತ್ತೆ.

ಈಗ ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. ಮರೆಯುವವರಿಗೂ ಮಾತಿನ ಚಿಕಿತ್ಸೆ ಆಗುತ್ತದೆ, ಆದರೆ ಅವರಿಗೆ ತಕ್ಕ ಹಾಗೆ ತಿದ್ದಿಕೊಳ್ಳಬೇಕು. ಒಂದೂವರೆ ಗಂಟೆ ಕೂರುವ ಕಡೆ ನನ್ನನ್ನು ನಲವತ್ತು ನಿಮಿಷ ಕೂರಿಸಿದರು. ಮಧ್ಯೆ ಐದು ನಿಮಿಷ ನೀರು ಕುಡಿಯಲು ಬಿಡುವು. ಬೆಳಗಿನ ಹೊತ್ತೇ ಕರೆಯುತ್ತಿದ್ದರು, ಸಂಜೆಗೆ ನನ್ನ ತಲೆ ದಣಿದುಬಿಡುತ್ತಿತ್ತು. ಮುಗಿಯುವಾಗ ಆ ದಿನದ ಮುಖ್ಯ ಮಾತನ್ನು ನನ್ನ ಕೈಯಿಂದಲೇ ಒಂದು ಚಿಕ್ಕ ನೋಟ್‌ಬುಕ್‌ನಲ್ಲಿ ಒಂದೇ ಸಾಲು ಬರೆಸುತ್ತಿದ್ದರು. ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೊಡುತ್ತಿದ್ದರು. ಮನೆಯಲ್ಲಿ ಮಾಡಬೇಕಾದ್ದಕ್ಕೆ ಅಲಾರಂ. ಮುಂದಿನ ಸಲ ಹೋದಾಗ ಮೊದಲು ನೋಟ್‌ಬುಕ್ ತೆಗೆ ಅನ್ನುತ್ತಿದ್ದರು.

ನನ್ನ ತಲೆಯಲ್ಲಿ ಕೂತಿದ್ದ ಮಾತು ಒಂದೇ. "ಎರಡು ನಿಮಿಷ ಮೊದಲು ಹೊರಟಿದ್ದರೆ ಆ ಲಾರಿ ಸಿಗುತ್ತಿರಲಿಲ್ಲ, ಹುಡುಗ ಉಳಿಯುತ್ತಿದ್ದ." ಮೇಡಂ ಸಮಾಧಾನ ಹೇಳಲಿಲ್ಲ. ಆ ದಿನದ ಟ್ರಿಪ್ ಶೀಟ್‌ನಲ್ಲಿ ಏನಿತ್ತು ಅಂತ ನೆನಪಿಸಿಕೊಂಡು ಬರಿ ಅಂದರು. ಕಾಲ್ ಬಂದದ್ದು ಯಾವಾಗ, ಹೊರಟದ್ದು ಯಾವಾಗ, ಮುಟ್ಟಿದ್ದು ಯಾವಾಗ. ಬರೆಯುತ್ತಾ ಹೋದೆ. ಆ ಎರಡು ನಿಮಿಷ ಎಲ್ಲಿ ಹೋಗಿತ್ತು ಅಂದರೆ, ಹುಡುಗನ ಕತ್ತು ಅಲುಗದ ಹಾಗೆ ಹಿಡಿಯುವ ಕಾಲರ್ ಹಾಕಲು ಹೋಗಿತ್ತು. ಕಾಲರ್ ಹಾಕದೆ ಎತ್ತಿದ್ದರೆ ಅದೇ ತಪ್ಪಾಗುತ್ತಿತ್ತು. ವರ್ಷದಿಂದ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದದ್ದು, ನಾನು ಸರಿಯಾಗಿ ಮಾಡಿದ ಕೆಲಸಕ್ಕೆ. ಇದನ್ನು ಯಾರಾದರೂ ಬಾಯಲ್ಲಿ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಅದಾದ ಮೇಲೆ ಬೈಪಾಸ್‌ಗೆ ಹೋಗುವ ಅಭ್ಯಾಸ. ಮೊದಲು ಹಗಲಲ್ಲಿ ದೂರದಿಂದ, ಭಾವಮೈದುನನ ಜೊತೆ. ಎದೆ ಬಡಿತ ತಾನಾಗಿ ಇಳಿಯುವ ತನಕ ನಿಲ್ಲಬೇಕು, ಓಡಿಬರಬಾರದು. ಆಮೇಲೆ ಇನ್ನಷ್ಟು ಹತ್ತಿರ. ಒಂದು ಮಾತು ಮೊದಲೇ ತಿಳಿದಿರಲಿ. ಮೂರು ನಾಲ್ಕನೇ ವಾರಕ್ಕೆ ಕನಸು ಜಾಸ್ತಿಯಾದವು. ಹೆಂಡತಿ "ಸಾಕು ಬಿಡಿಸಿಬಿಡೋಣ" ಅಂದಳು. ಹೀಗಾಗಬಹುದು ಅಂತ ಮೇಡಂ ಮೊದಲೇ ಹೇಳಿದ್ದರಿಂದ ತಡೆದುಕೊಂಡೆವು. ಹನ್ನೆರಡು ಸಲ ಅಂತ ಶುರುವಾದದ್ದು ನನಗೆ ಹತ್ತೊಂಬತ್ತು ಸಲ ಹಿಡಿಯಿತು. ಈಗ ಕನಸು ತಿಂಗಳಿಗೊಮ್ಮೆ ಬಂದರೆ ಬಂತು. ಮರೆವು ಪೂರ್ತಿ ಹೋಗಿಲ್ಲ, ನೋಟ್‌ಬುಕ್ ಇವತ್ತಿಗೂ ಜೇಬಿನಲ್ಲಿದೆ. ಗಾಡಿ ಬಿಟ್ಟೆ. ಹೊಸ ಹುಡುಗರಿಗೆ ಪ್ರಥಮ ಚಿಕಿತ್ಸೆ ಕಲಿಸುತ್ತೇನೆ.

ಹಾವೇರಿಯಿಂದ, ಪೊಲೀಸರ ಮನೆಯವಳು

ಅಕ್ಕಾ, ನಮ್ಮವರು ಹೆಡ್ ಕಾನ್‌ಸ್ಟೇಬಲ್. ಗಲಾಟೆಯಲ್ಲಿ ಕಲ್ಲು ತಲೆಗೆ ಬಿದ್ದಿತ್ತು. ಔಷಧಿ, ಡಾಕ್ಟರ ವಿಷಯ ಬೇರೆಯವರು ಹೇಳುತ್ತಾರೆ. ನಾನು ಮನೆಯ ವಿಷಯ ಹೇಳುತ್ತೇನೆ.

ಕುಕ್ಕರ್ ಸೀಟಿಗೆ ಇವರು ಬೆಚ್ಚಿಬೀಳುತ್ತಿದ್ದರು. ಬೇಳೆ ಬೇಯಿಸುವುದನ್ನು ಇವರು ಹೊರಗೆ ಹೋದ ಹೊತ್ತಿಗೆ ಇಟ್ಟುಕೊಂಡೆ, ಇಲ್ಲಾ "ಈಗ ಸೀಟಿ ಹೊಡೆಯುತ್ತದೆ ರೀ" ಅಂತ ಮೊದಲೇ ಹೇಳುತ್ತಿದ್ದೆ. ಹಿಂದಿನಿಂದ ಬಂದು ಮುಟ್ಟಬೇಡಿ. ಕನಸಿನಲ್ಲಿ ಕೂಗಿದರೆ ಅಲುಗಾಡಿಸಿ ಎಬ್ಬಿಸಬೇಡಿ. ಸ್ವಲ್ಪ ದೂರ ನಿಂತು ಹೆಸರು ಹಿಡಿದು ಕರೆದು, "ಮನೆಯಲ್ಲಿದ್ದೀರಿ, ಹಾವೇರಿಯಲ್ಲಿದ್ದೀರಿ" ಅನ್ನಿ. ಗಣಪತಿ ಹಬ್ಬದಲ್ಲಿ ಡಿಜೆ, ದೀಪಾವಳಿಯಲ್ಲಿ ಪಟಾಕಿ. ಆ ದಿನಗಳಲ್ಲಿ ನಾವು ತವರಿನ ಹೊಲದ ಮನೆಗೆ ಹೋಗಿಬಿಡುತ್ತೇವೆ. ನೆಂಟರು ಏನಾದರೂ ಅನ್ನಲಿ.

ಮಗನಿಗೆ ಬಿಡಿಸಿ ಹೇಳಿ ಅಕ್ಕಾ. "ಅಪ್ಪನ ತಲೆಗೆ ಪೆಟ್ಟಾಗಿದೆ, ಅದಕ್ಕೇ ಸಿಟ್ಟು ಬೇಗ ಬರುತ್ತೆ, ನಿನ್ನ ತಪ್ಪಲ್ಲ" ಅಂತ. ಮಕ್ಕಳು ಎಲ್ಲವನ್ನೂ ತಮ್ಮ ಮೇಲೆ ಹಾಕಿಕೊಳ್ಳುತ್ತವೆ. ಕೈ ಎತ್ತಿದ ದಿನ ಮಾತ್ರ ಸುಮ್ನೆ ಸಹಿಸಿಕೊಂಡು ಇರಬೇಡಿ. ಮಗನನ್ನು ಕರೆದುಕೊಂಡು ಪಕ್ಕದ ಮನೆಗೆ ಹೋಗಿ. ಕಾಯಿಲೆ ನಿಜ, ಮಗುವಿನ ಮೈ ಕೂಡ ಮುಖ್ಯ ಅಲ್ವಾ? ಇವರು ತಣ್ಣಗಿದ್ದಾಗ ಇದನ್ನು ನಾನು ಇವರಿಗೇ ಹೇಳಿ ಒಪ್ಪಿಸಿಕೊಂಡಿದ್ದೆ.

ಊರಿನವರು ದೃಷ್ಟಿ ಅಂದರು, ದೆವ್ವದ ಸೋಂಕು ಅಂದರು. ಅತ್ತೆ ಹೇಳಿದ ದೇವರಿಗೆ ಹೋಗಿ ಬಂದೆವು, ದಾರ ಕಟ್ಟಿಸಿದೆವು. ನನಗೂ ಅದರಿಂದ ಧೈರ್ಯ ಬಂತು. ಆದರೆ ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುತ್ತಾರೆ. ದೂರ ಹೋಗಲು ಆಗದವರು ಅಲ್ಲಿಂದಲೇ ಶುರು ಮಾಡಬಹುದು.

ಧಾರವಾಡದಿಂದ, ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವಳು

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ನಿಮ್ಮ ಯಜಮಾನರನ್ನು ನೋಡದೆ ಇಂಥದ್ದೇ ಕಾಯಿಲೆ ಅಂತ ಹೇಳುವುದಿಲ್ಲ. ಆದರೆ ನೀವು ಬರೆದ ಮೇಲೆ ಕೆಲವು ಮಾತು ಹೇಳಲೇಬೇಕು.

ಸ್ಕ್ಯಾನ್ ನಾರ್ಮಲ್ ಬಂದರೆ ಮೆದುಳಿಗೆ ಏನೂ ಆಗಿಲ್ಲ ಅಂತ ಅರ್ಥ ಅಲ್ಲ. ಸಿಟಿ ಸ್ಕ್ಯಾನ್ ರಕ್ತಸ್ರಾವ, ಮೂಳೆ ಬಿರುಕು ತೋರಿಸುತ್ತದೆ. ಮೆದುಳು ಅಲುಗಿದಾಗ ಒಳಗಿನ ಸಣ್ಣ ನರತಂತುಗಳಿಗೆ ಆಗುವ ನೋವು ಅದರಲ್ಲಿ ಕಾಣದೇ ಇರಬಹುದು. ಪ್ರಜ್ಞೆ ಎಷ್ಟಿದೆ ಅಂತ ನೋಡಲು ಗ್ಲಾಸ್ಗೋ ಕೋಮಾ ಸ್ಕೇಲ್ ಅಂತ ಒಂದು ಅಳತೆ ಇದೆ. ಅದರಲ್ಲಿ 13ರಿಂದ 15 ಬಂದರೆ "ಮೈಲ್ಡ್" ಅಂತ ಬರೆಯುತ್ತಾರೆ. ಆ ಪದ ನೋಡಿ ಮನೆಯವರು ನಿರಾಳವಾಗುತ್ತಾರೆ. ಬಹಳ ಜನ ವಾರಗಳಲ್ಲಿ, ತಿಂಗಳುಗಳಲ್ಲಿ ಸರಿಹೋಗುತ್ತಾರೆ, ನಿಜ. ಕೆಲವರಿಗೆ ತೊಂದರೆ ಉಳಿಯುತ್ತದೆ. ವರ್ಷವಾದರೂ ತಲೆನೋವು, ಬೆಳಕು ತಾಳದಿರುವುದು ಇದ್ದರೆ ನರರೋಗ ತಜ್ಞರು ಮತ್ತೆ ನೋಡಬೇಕು. ಆಸ್ಪತ್ರೆಗೆ ಸೇರಿಸಿದ ದಿನದ ಕಾಗದ ಒಯ್ಯಿರಿ.

ಆಘಾತದ ನಂತರದ ಒತ್ತಡ, ಅಂದರೆ ಪಿಟಿಎಸ್‌ಡಿ, ತನಗೇ ಪ್ರಾಣಾಪಾಯ ಬಂದವರಿಗೆ ಮಾತ್ರ ಬರುವುದಲ್ಲ. ಕೆಲಸದ ಮೇಲೆ ಮತ್ತೆ ಮತ್ತೆ ಶವ ಎತ್ತುವವರಿಗೂ ಬರುತ್ತದೆ ಅಂತ ಡಿಎಸ್‌ಎಂ-5 ಅನ್ನುವ ರೋಗನಿರ್ಣಯದ ಕೈಪಿಡಿಯಲ್ಲೇ ಇದೆ. ನಿಮ್ಮವರಿಗೆ 2019ರದ್ದು ಒಳಗೆ ಉಳಿದಿತ್ತು, ತೊಲೆ ಬಿದ್ದದ್ದು ಅದನ್ನು ಎಬ್ಬಿಸಿರಬಹುದು. ಮುಂಭಾಗದ ಮೆದುಳಿಗೆ ಪೆಟ್ಟಾದರೆ ಸಿಟ್ಟಿಗೆ ಹಾಕುವ ಬ್ರೇಕ್ ಸಡಿಲವಾಗುತ್ತದೆ. ಹೆದರಿಕೆಯೂ ಬ್ರೇಕ್ ಸಡಿಲವಾದದ್ದೂ ಒಂದೇ ಮನುಷ್ಯನಲ್ಲಿ ಸೇರಿದರೆ ನೀವು ಮನೆಯಲ್ಲಿ ಕಾಣುತ್ತಿರುವ ಹಾಗೇ ಆಗುತ್ತದೆ.

ನಿದ್ದೆ ಮಾತ್ರೆ ಯಾವುದು ಅಂತ ಮನೋವೈದ್ಯರಿಗೆ ತೋರಿಸಿ. ಕ್ಲೋನಜೆಪಾಮ್, ಡಯಾಜೆಪಾಮ್ ಗುಂಪಿನದಾದರೆ ಪಿಟಿಎಸ್‌ಡಿಗೆ ಅವನ್ನು ದಿನಾ ಕೊಡುವುದು ಒಳ್ಳೆಯದಲ್ಲ. ಪೆಟ್ಟು ಬಿದ್ದ ತಲೆಯಲ್ಲಿ ನೆನಪನ್ನು ಇನ್ನಷ್ಟು ಮಂಕು ಮಾಡುತ್ತವೆ, ಕುಡಿತದ ಜೊತೆ ಸೇರಿದರೆ ಉಸಿರಿಗೇ ಅಪಾಯ. ಹಾಗಂತ ನೀವೇ ತಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಡಾಕ್ಟರೇ ನಿಧಾನವಾಗಿ ಇಳಿಸಬೇಕು. ಮದ್ಯವೂ ಅಷ್ಟೇ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಡುವಾಗ ವೈದ್ಯರ ಕಣ್ಣು ಮೇಲಿರಬೇಕು. ಪಿಟಿಎಸ್‌ಡಿಗೆ ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್ ಥರದ ಮಾತ್ರೆ ಬಳಸುತ್ತಾರೆ. ಅವು ಕೆಲಸ ಶುರು ಮಾಡಲು ಕೆಲವು ವಾರ ಬೇಕು. ಮೂರೇ ದಿನಕ್ಕೆ ಗುಣ ಇಲ್ಲ ಅಂತ ಬಿಡಬಾರದು.

ಮೇಲೆ ಅಣ್ಣ ಹೇಳಿದ್ದು ಎರಡು ಪದ್ಧತಿಗಳು ಸೇರಿದ ಹಾಗೆ ಕಾಣುತ್ತದೆ. ತನ್ನ ಬಗ್ಗೆ ಕಟ್ಟಿಕೊಂಡ ತಪ್ಪು ತೀರ್ಮಾನವನ್ನು ಕೆದಕಿ ನೋಡುವುದು ಸಿಪಿಟಿ. ಹೆದರಿದ ಜಾಗವನ್ನು, ನೆನಪನ್ನು ಹಂತ ಹಂತವಾಗಿ ಎದುರಿಸುವುದು ಪ್ರೊಲಾಂಗ್ಡ್ ಎಕ್ಸ್‌ಪೋಷರ್. ಮೂರನೆಯದು ಇಎಂಡಿಆರ್. ನೆನಪನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಚಿಕಿತ್ಸಕರ ಬೆರಳಿನ ಜೊತೆ ಕಣ್ಣು ಆಡಿಸುವುದು. ಮನೆಯಲ್ಲಿ ಬರೆಯುವ ಕೆಲಸ ಕಡಿಮೆ ಇರುವುದರಿಂದ ಕೆಲವರಿಗೆ ಇದು ಹಗುರ. ತರಬೇತಿ ಪಡೆದವರು ಎಲ್ಲ ಕಡೆ ಇರುವುದಿಲ್ಲ, ಕೇಳಿಕೊಂಡು ಹೋಗಿ. ತಲೆಗೆ ಪೆಟ್ಟಾಗಿದ್ದ ಅಮೆರಿಕದ ಮಾಜಿ ಸೈನಿಕರ ಮೇಲೆ ಮೊದಲ ಎರಡು ಪದ್ಧತಿಗಳನ್ನು ಬಳಸಿ ನೋಡಿದ್ದಾರೆ, ಅವರಿಗೂ ಗುಣ ಕಂಡಿದೆ. ಏಕೆಂದರೆ ಹೆದರಿಕೆ ಇಳಿಯುವುದಕ್ಕೆ ಅವತ್ತು ಆಡಿದ ಪ್ರತಿ ಮಾತೂ ನೆನಪಿರಬೇಕಾಗಿಲ್ಲ. ಪೆಟ್ಟು ಬಿದ್ದ ಕ್ಷಣ ನೆನಪೇ ಇಲ್ಲದಿದ್ದರೆ ಅದನ್ನು ಬಲವಂತವಾಗಿ ಎಳೆದು ತೆಗೆಯಲು ಯಾರೂ ಹೋಗಬಾರದು. ಮೆದುಳು ಆ ಕ್ಷಣವನ್ನು ದಾಖಲು ಮಾಡಿಕೊಂಡೇ ಇರುವುದಿಲ್ಲ.

ಚಿಕಿತ್ಸಕರು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐನಲ್ಲಿ ನೋಂದಣಿ ಮಾಡಿದ ಕ್ಲಿನಿಕಲ್ ಸೈಕಾಲಜಿಸ್ಟ್ ಹೌದೋ ಅಂತ ಧೈರ್ಯವಾಗಿ ಕೇಳಿ. ಕೇಳುವುದು ನಿಮ್ಮ ಹಕ್ಕು, ನಮಗೆ ಬೇಸರವಿಲ್ಲ. ಡಿಮ್ಹಾನ್ಸ್ 1845ರಿಂದ ಇರುವ ಜಾಗ, ಜನರ ಬಾಯಲ್ಲಿ ಹುಚ್ಚಾಸ್ಪತ್ರೆ ಅನ್ನುವ ಹಳೆಯ ಹೆಸರು ಇನ್ನೂ ಇದೆ. ಅಲ್ಲಿ ಹೊರರೋಗಿಯಾಗಿ ತೋರಿಸಿ ಅದೇ ದಿನ ಮನೆಗೆ ಬರುವವರು ಎಷ್ಟೋ ಜನ. ಮನೆಯಿಂದ ಹೊರಡಲು ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲುರಾತ್ರಿ ಇದೆ, ಕನ್ನಡದಲ್ಲಿ ಮಾತಾಡಬಹುದು. ನೀವೊಬ್ಬರೇ ಕೂಡ ಮಾಡಬಹುದು. ಸಾಯುವ ಮಾತು ಆಡಿದರೆ ಕಾಯಬೇಡಿ, ಅವತ್ತೇ ಕರೆದೊಯ್ಯಿರಿ. ಫಿಟ್ಸ್, ಪದೇ ಪದೇ ವಾಂತಿ, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರೆ ನೇರವಾಗಿ ಎಮರ್ಜೆನ್ಸಿಗೆ.

ಗದಗದಿಂದ, ಫೈರ್ ಸರ್ವಿಸ್‌ನಿಂದ ನಿವೃತ್ತನಾದವನು

ಮಗಳೇ, ನೌಕರಿಯ ಮಾತು ನಾನು ಹೇಳುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ, 4ನೇ ಉಪಕಲಂ ಓದಿಸು. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡಬೇಕು. ಮಾನಸಿಕ ಕಾಯಿಲೆಯೂ ಆ ಕಾಯ್ದೆಯ ಪಟ್ಟಿಯಲ್ಲಿದೆ. ಸರ್ಕಾರ ಅಧಿಸೂಚನೆ ಹೊರಡಿಸಿ ಕೆಲವು ಸಂಸ್ಥೆಗಳಿಗೆ ಇದರಿಂದ ವಿನಾಯಿತಿ ಕೊಡಬಹುದು ಅಂತಲೂ ಅದರಲ್ಲೇ ಇದೆ, ಅದಕ್ಕೆ ಒಬ್ಬ ವಕೀಲರನ್ನು ಕೇಳಿಕೊಂಡಿರುವುದು ಒಳ್ಳೆಯದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರ ಗುಟ್ಟಾಗಿ ಇಡಬೇಕು, ಡಾಕ್ಟರು ಸುಮ್ನೆ ಯಾರಿಗೂ ಹೇಳುವಂತಿಲ್ಲ.

ಕಾಗದ ಮುಖ್ಯ. ಪೆಟ್ಟು ಡ್ಯೂಟಿ ಮೇಲೆ ಆಯಿತು ಅನ್ನುವುದು ಅವನ ಫೈರ್ ಠಾಣೆಯ ದಾಖಲೆಯಲ್ಲಿ ಬಂದಿದೆಯಾ ನೋಡಿಸು. ಆ ದಿನದ ಕರೆಯ ವಿವರ, ಆಸ್ಪತ್ರೆಯ ಚೀಟಿ, ರಜೆ ಅರ್ಜಿಯ ಪ್ರತಿ ಒಂದೇ ಫೈಲಿನಲ್ಲಿ ಇಡು. ಸೀಳಿದ ಹೆಲ್ಮೆಟ್‌ನ ಫೋಟೋ ಇದ್ದರೆ ಅದನ್ನೂ ಇಡು.

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿದಾಗ ನಾನು ನರಗುಂದದ ಕೊಣ್ಣೂರು ಕಡೆ ಇದ್ದೆ. ನಮ್ಮ ಹುಡುಗರು ಮೂರು ನಾಲ್ಕು ದಿನ ಮೈ ಒಣಗಿಸಿಕೊಂಡಿರಲಿಲ್ಲ. ಮುಗಿದ ಮೇಲೆ ನಾನೇ ಎಲ್ಲರನ್ನೂ ಸುತ್ತ ಕೂರಿಸಿ, ಕಂಡದ್ದನ್ನು ಒಬ್ಬೊಬ್ಬರಾಗಿ ಹೇಳಿ, ಮನಸ್ಸು ಹಗುರಾಗುತ್ತದೆ ಅಂದೆ. ಒಬ್ಬ ಹುಡುಗ ಹೇಳುತ್ತಾ ಹೇಳುತ್ತಾ ನಡುಗಿ ಎದ್ದು ಹೋದ. ಹಾಗೆ ಒತ್ತಾಯದಿಂದ ಒಂದೇ ಸಲ ಹೇಳಿಸುವುದರಿಂದ ಪಿಟಿಎಸ್‌ಡಿ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಅಂತ ಆಮೇಲೆ ಒಬ್ಬ ಡಾಕ್ಟರಿಂದ ತಿಳಿಯಿತು. ಆ ಹುಡುಗನ ಹತ್ತಿರ ತಪ್ಪಾಯಿತು ಅಂದಿದ್ದೇನೆ. ಆದ್ದರಿಂದ "ಏನಾಯಿತು ಹೇಳು ಹೇಳು" ಅಂತ ನೀನೂ ಕಾಡಬೇಡ. ಅವನ ಜೊತೆ ಗಾಡಿ ಹತ್ತುವ ಒಬ್ಬ ಗೆಳೆಯ ಇರುತ್ತಾನೆ. ಅವನನ್ನು ಚಹಾಕ್ಕೆ ಕರೆ. ನಮ್ಮವರು ಹೆಂಡತಿ ಮಾತಿಗಿಂತ ಒಂದೇ ಹೋಸ್ ಹಿಡಿದವನ ಮಾತು ಬೇಗ ಕೇಳುತ್ತಾರೆ.

ತಲೆ ಸುತ್ತುವುದು ನಿಲ್ಲುವ ತನಕ ಏಣಿ ಹತ್ತಿಸಬಾರದು, ಗಾಡಿ ಓಡಿಸಬಾರದು. ಹಳೆಯ ಪೆಟ್ಟು ಮಾಯುವ ಮುಂಚೆ ಇನ್ನೊಂದು ಬಿದ್ದರೆ ಬಹಳ ಕೆಟ್ಟದ್ದು. ಡಾಕ್ಟರಿಂದ ಹಗುರ ಕೆಲಸದ ಚೀಟಿ ಬರೆಸಿಕೊಳ್ಳಲಿ, ಠಾಣೆಯಲ್ಲಿ ಕರೆ ತೆಗೆದುಕೊಳ್ಳುವ ವಾಚ್ ರೂಮಿನಲ್ಲಿ ಕೂರಲಿ. ಅದರಲ್ಲಿ ಅವಮಾನವಿಲ್ಲ.

ಹುಬ್ಬಳ್ಳಿಯಿಂದ, ಒಬ್ಬ ಮಗಳು

ನಮ್ಮಪ್ಪನಿಗೆ ಮೊದಲ ಸಲ ಚಿಕಿತ್ಸೆ ಹಿಡಿಸಲಿಲ್ಲ, ಅದನ್ನೂ ಹೇಳಬೇಕು. ಅಪ್ಪ ಪೊಲೀಸ್‌ನಲ್ಲಿದ್ದರು. ಕುಡಿತ ನಡೆದೇ ಇತ್ತು, ರಾತ್ರಿ ಎರಡು ಗಂಟೆ ನಿದ್ದೆ. ಅಂಥದ್ದರಲ್ಲೇ ಎರಡನೇ ಭೇಟಿಗೆ ಹಳೆಯ ಘಟನೆ ಪೂರ್ತಿ ಹೇಳಿಸಿದರು. ಆ ವಾರ ಅಪ್ಪ ಮನೆ ಬಿಟ್ಟು ಹೋಗಿ ಎರಡು ದಿನ ಸಿಗಲಿಲ್ಲ. ಮತ್ತೆ ಎಂಟು ತಿಂಗಳು ಯಾವ ಡಾಕ್ಟರ ಹೆಸರೂ ಎತ್ತಲಿಲ್ಲ.

ಎರಡನೇ ಸಲ ಬೇರೆಯವರು ಸಿಕ್ಕರು. ಮೊದಲು ಕುಡಿತ, ನಿದ್ದೆ ಹಿಡಿದರು. ಅಪ್ಪ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಲ್ಲಿಸುತ್ತಿದ್ದರು. ಪರೀಕ್ಷೆ ಮಾಡಿಸಿದರೆ ಸ್ಲೀಪ್ ಆಪ್ನಿಯಾ. ಅದಕ್ಕೆ ಮಷಿನ್ ಹಾಕಿದ ಮೇಲೆ ಬೆಳಗಿನ ತಲೆನೋವು ಅರ್ಧ ಹೋಯಿತು. ಹೆದರಿಕೆಯ ಮಾತಿಗೆ ಬಂದದ್ದು ಆಮೇಲೆ. ಎಲ್ಲರಿಗೂ ಇದೇ ಕ್ರಮ ಅಂತಲ್ಲ. ಆದರೆ ಎಲ್ಲಿಂದ ಶುರು ಮಾಡುತ್ತೀರಿ, ಯಾಕೆ ಅಂತ ಮೊದಲ ದಿನವೇ ಕೇಳಿ. ಒಬ್ಬರು ಹೊಂದದಿದ್ದರೆ ಇನ್ನೊಬ್ಬರ ಹತ್ತಿರ ಹೋಗಿ.

ಪ್ರಶ್ನೆ ಕೇಳಿದವಳು, ಮೂರು ವಾರದ ನಂತರ

ನಿಮ್ಮೆಲ್ಲರ ಮಾತು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಕಾಕಾ ಹೇಳಿದ ಹಾಗೆ ಇವರ ಜೊತೆ ಗಾಡಿ ಹತ್ತುವ ಗೆಳೆಯನನ್ನು ಕರೆದೆ. ಅವರು ಬಂದು ಗಿರ್ಮಿಟ್ ತಿನ್ನುತ್ತಾ ತಮಗೂ ಕುಮಾರೇಶ್ವರ ನಗರದ ಕನಸು ಬೀಳುತ್ತದೆ ಅಂದರು. ಇವರು ತಟ್ಟೆ ಕೆಳಗಿಟ್ಟು ಅವರ ಮುಖವನ್ನೇ ನೋಡಿದರು. ಮರುವಾರ ಇಬ್ಬರೂ ಸೇರಿ ಆಸ್ಪತ್ರೆಗೆ ಹೋದರು. ಹುಚ್ಚಿನ ಮಾತು ಯಾರೂ ಎತ್ತಲಿಲ್ಲ, ತಲೆನೋವಿಗೆ ತೋರಿಸಲು ಅಂತಲೇ ಹೋದದ್ದು. ನಿದ್ದೆ ಮಾತ್ರೆ ಇಳಿಸುತ್ತಿದ್ದಾರೆ. ನೆನಪಿನ ಪರೀಕ್ಷೆ ಒಂದು ದಿನದ್ದು ಮುಗಿದಿದೆ, ಇನ್ನೊಂದು ಗುರುವಾರಕ್ಕೆ. ಕುಡಿತ ಪೂರ್ತಿ ನಿಂತಿಲ್ಲ. ಮಗನಿಗೆ ನಾವಿಬ್ಬರೂ ಕೂತು ಹೇಳಿದೆವು.

ಮೊನ್ನೆ ರಾತ್ರಿ 108ರ ಅಣ್ಣ ಬರೆದದ್ದನ್ನು ಓದಿ ಹೇಳಿದೆ. ಟ್ರಿಪ್ ಶೀಟಿನ ಭಾಗವನ್ನು ಇನ್ನೊಮ್ಮೆ ಓದು ಅಂದರು. ಓದಿದೆ. ಬಹಳ ಹೊತ್ತು ಸುಮ್ಮನಿದ್ದು, ಸ್ಲ್ಯಾಬಿನ ಕೆಳಗಿನಿಂದ ಒಬ್ಬರು ನನ್ನ ಬೆರಳು ಹಿಡಿದುಕೊಂಡಿದ್ದರು, ಕಟರ್ ತರಲು ಬೆರಳು ಬಿಡಿಸಿಕೊಂಡು ಬಂದೆ ಅಂದರು. ಅಷ್ಟೇ ಹೇಳಿದರು, ನಾನು ಮುಂದೆ ಕೇಳಲಿಲ್ಲ. ಈ ಮಾತನ್ನು ಗುರುವಾರ ಪರೀಕ್ಷೆ ಮಾಡುವ ಮೇಡಂಗೆ ಹೇಳಬೇಕು, ಮರೆತುಬಿಡುತ್ತೇನೆ, ಎಲ್ಲಾದರೂ ಬರೆದಿಡು ಅಂತ ಅವರೇ ಅಂದರು.

ಅಣ್ಣಾ, ನಿಮ್ಮ ನೋಟ್‌ಬುಕ್ ಯಾವ ಅಳತೆಯದು? ಯೂನಿಫಾರ್ಮ್ ಜೇಬಿನಲ್ಲಿ ಹಿಡಿಯುತ್ತದಾ?